ಅತ್ತಿ ಊರ ಕಡೀ ನೋಡ್ರಿ

“ತೆಗಿ ಅಂದ್ರ ಹಿಂಗ ತೆಗೀತಾರೇನು ಚಾಚಾ? ನಿಮಗ ಕಣ್ಣಿಲ್ಲೇನು?”

“ಬಾಯಿ ಬಿಗಿ ಹಿಡಿದು ಮಾತಾಡು ಜಾವೀದ್. ನೀ ಏನಂದಿ ಅದನ್ನೇ ಮಾಡೀನಿ. ಪೂರಾ ತೆಗಿ ಅಂದಿ, ಪೂರಾ ತೆಗದೀನಿ.”

“ಪೂರಾ ಅಂದ್ರ ತಲಿ ಮ್ಯಾಲಿನ ಬುಟ್ಟಿ ಹಿಡಿದು ಕಾಲಾಗಿನ ಚಪ್ಪಲಿ ತನಕ ಪೂರಾ ಬರ್ಲಿ ಅಂತ. ಇದ್ದ ಹೆಣ್ಮಗಳ್ನ ಅಳಿಸಿ ಒಗೀರಿ ಅಂತಲ್ಲ.”

“ಹಂಗಂತ ಬಿಡಿಸಿ ಹೇಳಬೇಕಿತ್ತು.”

“ಆಟೋದಾಗ ಪ್ಯಾಸೆಂಜರ್ ಕುಂತಿದ್ರು. ನಿಮಗ ಪಾಠ ಹೇಳ್ಕೋತ ನಿಂದರ್ಲೇನು?”

ಇದು ಕಲಬುರಗಿ ಸ್ಟೇಶನ್ ಬಜಾರಿನ ಒಂದು ಸಣ್ಣ ಫೋಟೋ ಸ್ಟುಡಿಯೋ. ಕೂಗಾಡುತ್ತಿರುವವರು ಆಟೋ ಓಡಿಸುವ ಜಾವೀದ್. ಅಷ್ಟೇ ಜೋರಾಗಿ ತಿರುಗಿ ಕೊಡುತ್ತಿರುವವರು ಸ್ಟುಡಿಯೋದ ಮಾಲಕ ಖಮರುದ್ದೀನ್. ಇಬ್ಬರ ನಡುವೆ ಮೇಜಿನ ಮೇಲೆ ಒಂದು ದೊಡ್ಡ ಫೋಟೋ ಬಿದ್ದಿದೆ. ಗುಡ್ಡದ ತುದಿ, ಎರಡು ಕರಿ ಬಂಡೆ, ಅವುಗಳ ಮುಂದೆ ನಗುತ್ತ ನಿಂತ ಗೆಳೆಯರು. ಅವರ ಪಕ್ಕದಲ್ಲಿ ಇನ್ನೊಬ್ಬರಿದ್ದರು. ಈಗಿಲ್ಲ. ಅವರು ನಿಂತಿದ್ದ ಜಾಗದಲ್ಲಿ ಖಮರುದ್ದೀನ್ ಕಂಪ್ಯೂಟರಿನಿಂದ ಆಕಾಶ ತುಂಬಿದ್ದಾರೆ, ಕಾಲಿದ್ದಲ್ಲಿ ಒಂದಿಷ್ಟು ಹುಲ್ಲು ಬೆಳೆಸಿದ್ದಾರೆ. ಕೆಲಸ ಅಚ್ಚುಕಟ್ಟು. ಎಷ್ಟು ಹುಡುಕಿದರೂ ಗುರುತು ಸಿಗುವುದಿಲ್ಲ.

“ದಿನಾ ಬೆಳಗಾದ್ರ ನನಗ ಇದೇ ಕೆಲಸ,” ಖಮರುದ್ದೀನ್ ದನಿ ತಗ್ಗಿಸುತ್ತಾರೆ. “ಲೈಟಿನ ಕಂಬ ತೆಗಿ, ಕಸದ ಡಬ್ಬಿ ತೆಗಿ, ನಡುವ ಬಂದ ಎಮ್ಮಿ ತೆಗಿ. ಮೊನ್ನಿ ಒಬ್ಬಾಕಿ ಬಂದು ಮದುವಿ ಫೋಟೋದಾಗಿನ ಗಂಡನ್ನೇ ತೆಗಿಸ್ಕೊಂಡು ಹ್ವಾದಳು. ಇವ ಬಾಜೂಕಿನ ಆಕೀನ್ನ ಪೂರಾ ತೆಗಿ ಅಂತ ಒದರಿ ಹ್ವಾದ. ಬುಟ್ಟಿ ಹೊತ್ತಾಕಿ, ದಾರ್ಯಾಗ ಹೋಗಾಕಿ ನಡುವ ಬಂದಾಳ ಅಂತ ತಿಳಕೊಂಡೆ.”

ಆಗ ಬಾಗಿಲ ಬಳಿಯ ಸ್ಟೂಲಿನಿಂದ ಒಂದು ಮಾತು ಬರುತ್ತದೆ.

“ನಾ ಇಲ್ಲೇ ಕುಂತೀನ್ರಿ ಸಾಹೇಬ್ರ. ಇಲ್ಲಿಂದೂ ತೆಗೀತೀರೇನು?”

ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವ ಇವರೇ ಸಾಬಮ್ಮ, ಬಳಕೆಯವರ ಬಾಯಲ್ಲಿ ಸಾಬವ್ವ. ಫೋಟೋದಿಂದ ಮಾಯವಾದವರು. ಖಮರುದ್ದೀನ್‌ಗೆ ಮುಖ ಎತ್ತಲಾಗುವುದಿಲ್ಲ. ಚಹಾ ಹೇಳುತ್ತಾರೆ. ಚಹಾ ಬರುತ್ತದೆ, ಫೋಟೋ ಬರುವುದಿಲ್ಲ. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅಳಿಸಿದ್ದೇ ಉಳಿದಿದೆ. ಮೂಲ ಫೋಟೋ ಇದ್ದ ಜಾವೀದ್ ಅವರ ಫೋನು ಅದೇ ವಾರ ಸ್ಟೇಶನ್ನಿನ ಗದ್ದಲದಲ್ಲಿ ಕಳೆದುಹೋಗಿದೆ.

ಒಂದು ಫೋಟೋಕ್ಕೆ ಇಷ್ಟು ಜಗಳ ಯಾಕೆ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಕಮಲಾಪುರದ ಹತ್ತಿರದ ಜೋಡಗಲ್ಲ ಗುಡ್ಡಕ್ಕೆ ಈ ಹಂಗಾಮಿನಿಂದ ಗೇಟು ಬರುತ್ತಿದೆ. ಬುಡದ ಊರಿನ ಕೆಲವರು ಸೇರಿ ಗುಡ್ಡದ ಸಮಿತಿ ಮಾಡಿಕೊಂಡಿದ್ದಾರೆ. ಸಮಿತಿ ಕೊಡುವ ಕಾರ್ಡು ಕೊರಳಲ್ಲಿದ್ದವರು ಮಾತ್ರ ಇನ್ನು ಮುಂದೆ ಮಂದಿಯನ್ನು ಮೇಲೆ ಕರೆದುಕೊಂಡು ಹೋಗಬೇಕು. ಕಾರ್ಡು ಬೇಕಾದರೆ, ತುದಿಯ ಮೇಲೆ ಮಂದಿಯ ಜೊತೆ ತಾನು ನಿಂತಿರುವ ಫೋಟೋ ತೋರಿಸಬೇಕು. ಅದೂ ಗೇಟಿನ ಮಾತು ಬರುವ ಮೊದಲಿನದು; ಈಗ ಹೊಸದಾಗಿ ತೆಗೆಸಿದ್ದು ನಡೆಯುವುದಿಲ್ಲ. ಈಚೆಗೆ ಈ ಕೆಲಸಕ್ಕೆ ಇಳಿದ ಹುಡುಗರ ಫೋನು ತುಂಬ ಅಂಥ ಫೋಟೋಗಳೇ. ಹತ್ತು ವರ್ಷಕ್ಕೂ ಮೇಲೆ ಮಂದಿಯನ್ನು ಕರೆದೊಯ್ದ ಸಾಬಮ್ಮನ ಬಳಿ, ಈ ಅಳಿಸಿಹೋದದ್ದು ಬಿಟ್ಟರೆ, ಒಂದೂ ಇಲ್ಲ. ಯಾಕೆಂದರೆ ಅಷ್ಟೂ ವರ್ಷ ಅಲ್ಲಿ ಎಲ್ಲರ ಫೋಟೋ ತೆಗೆದವರು ಅವರೇ. ತೆಗೆಯುವವರು ಫೋಟೋದಲ್ಲಿ ಬರುವುದಿಲ್ಲ. ಈ ನಿಯಮ ಬರೆದವರಿಗೆ ಇಷ್ಟು ಸಾದಾ ಮಾತು ಹೊಳೆದಿಲ್ಲ.

ಐತವಾರ ನಸುಕು. ಕಮಲಾಪುರ ದಾಟಿ ಹುಮನಾಬಾದ್ ರಸ್ತೆ ಬಿಟ್ಟು ಒಳಗೆ ಹೋದರೆ ಜೋಡಗಲ್ಲ ಗುಡ್ಡ ಕರ್ರಗೆ ಕೂತಿದೆ. ಘಟ್ಟದ ಕಡೆಯವರು ನೋಡಿದರೆ ಇದನ್ನು ದಿಬ್ಬ ಎನ್ನುತ್ತಾರೆ. ಎನ್ನಲಿ. ನಮ್ಮ ಬಿಸಿಲಲ್ಲಿ ಒಮ್ಮೆ ಹತ್ತಿ ಇಳಿದು ಆಮೇಲೆ ಮಾತಾಡಲಿ.

ಬುಡದ ಬೇವಿನ ಗಿಡದ ಕೆಳಗೆ ಸಾಬಮ್ಮ ಆಗಲೇ ಬಂದು ನಿಂತಿದ್ದಾರೆ. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿದ್ದಾರೆ. ಬುಟ್ಟಿಯಲ್ಲಿ ಜೋಳದ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಪುಂಡಿ ಪಲ್ಯ. ಕೈಯಲ್ಲಿ ನೀರಿನ ಕ್ಯಾನು. ಜಾವೀದ್ ಆಟೋ ನಿಲ್ಲಿಸುತ್ತಾರೆ. ಹಿಂದಿನಿಂದ ಇಳಿಯುವವರು ಶೀಲಾ ಮತ್ತು ಸುಧಾಕರ. ಶೀಲಾ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಸುಧಾಕರ ಕಪನೂರದ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಾರೆ, ಮಾತು ಕಡಿಮೆ. ಮೂವರೂ ಚಿಕ್ಕಂದಿನಲ್ಲಿ ಒಂದೇ ಸರಕಾರಿ ಶಾಲೆಯವರು. ಪಾಳಿ ಕೂಡಿ ಬಂದ ಐತವಾರ ಗುಡ್ಡ ಹತ್ತುವುದು ಅವರ ರೂಢಿ.

“ಫೋನು ಹಾಕ್ರಿ,” ಎಂದು ಸಾಬಮ್ಮ ಬುಟ್ಟಿ ಚಾಚುತ್ತಾರೆ. ಇದು ಅವರ ಕಟ್ಟಪ್ಪಣೆ. ಹತ್ತುವಾಗ ಯಾರ ಕೈಯಲ್ಲೂ ಫೋನು ಇರುವಂತಿಲ್ಲ.

“ಒಬ್ಬ ಹುಡುಗ ಫೋನಿನ್ಯಾಗ ತನ್ನ ಮಾರಿ ನೋಡ್ಕೋತ ಹಿಂದಕ್ಕ ಹಿಂದಕ್ಕ ಹ್ವಾದ,” ಎನ್ನುತ್ತಾರೆ ಅವರು. “ಕಲ್ಲಿನ ಸಂದ್ಯಾಗ ಕಾಲು ಮುರಕೊಂಡ. ಬೆನ್ನ ಮ್ಯಾಲೆ ಹೊತ್ಕೊಂಡು ಇಳದೀನಿ. ಬಾಳಿ ಗೊನಿಗಿಂತ ಭಾರ ಇದ್ದ. ಗೊನಿ ಆದ್ರ ಸುಮ್ನಿರ್ತದ. ಇವ ಬುಡಾ ಮುಟ್ಟೂತನ ಅತ್ತ.”

ದಾರಿ ಮೊದಲು ಕೆಂಪು ಮಣ್ಣು, ಆಮೇಲೆ ಕರಿಕಲ್ಲು. ಕವಳಿ ಮುಳ್ಳು ಸೀರೆ, ಪ್ಯಾಂಟು ಎನ್ನದೆ ಹಿಡಿಯುತ್ತದೆ. ಸಾಬಮ್ಮ ಮುಂದೆ. ಹಿಂದೆ ತಿರುಗಿ ನೋಡುವುದಿಲ್ಲ, ಉಸಿರಿನ ಸದ್ದು ಕೇಳುತ್ತಾರೆ. ಯಾರದಾದರೂ ಉಸಿರು ಜೋರಾದರೆ ತಾವೇ ಏನೋ ನೆಪ ತೆಗೆದು ನಿಲ್ಲುತ್ತಾರೆ. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತು ಎನ್ನುತ್ತಾರೆ. ಸಿಕ್ಕಿರುವುದಿಲ್ಲ. ಅರ್ಧ ದಾರಿಯಲ್ಲಿ ಬುಟ್ಟಿಯೊಳಗಿಂದ ಹಾಡು ಕೇಳುತ್ತದೆ.

“ಸಾಬವ್ವ, ರೊಟ್ಟಿಗಿ ಫೋನ್ ಬಂತು,” ಎನ್ನುತ್ತಾರೆ ಜಾವೀದ್.

“ಹಿಂಡಿ ಎತ್ತತದ ತಗೋ, ನೀ ನಡಿ.”

ತುದಿಯಲ್ಲಿ ಎರಡು ಬಂಡೆಗಳು ಬಾಗಿಲಿನಂತೆ ನಿಂತಿವೆ. ಅವುಗಳ ನಡುವೆ ನಿಂತರೆ ಪೂರ್ವಕ್ಕೆ ಚಿಂಚೋಳಿ ಕಡೆಯ ಕಾಡಿನ ಕಪ್ಪು ಗೆರೆ. ಉತ್ತರಕ್ಕೆ ಹುಮನಾಬಾದ್ ರಸ್ತೆ, ಅದರ ಮೇಲೆ ಇನ್ನೂ ದೀಪ ಆರಿಸದ ಲಾರಿಗಳು. ಕೆಳಗೆ ಕಮಲಾಪುರದ ಕೆಂಪು ಬಾಳೆಯ ತೋಟಗಳು, ಸುತ್ತ ತೊಗರಿ ಹೊಲ. ನೈಋತ್ಯದಲ್ಲಿ ಕಲಬುರಗಿ ಇರುವ ಕಡೆ ಒಂದು ಮಂಕು ಧೂಳು. ಸಾಬಮ್ಮ ಎಲ್ಲರನ್ನೂ ಕೂರಿಸುತ್ತಾರೆ. ನೀರು ಕೊಡುತ್ತಾರೆ. ಬೆವರು ಆರಿ ಮುಖ ಮುಖದಂತೆ ಆದ ಮೇಲೆ ಬುಟ್ಟಿಯಿಂದ ಒಂದೊಂದೇ ಫೋನು ಹೊರಬರುತ್ತದೆ. ಇವತ್ತು ಇವರ ಜೊತೆ ಕಾಲೇಜೊಂದರಲ್ಲಿ ಕೆಲಸ ಮಾಡುವವರ ಗುಂಪೂ ಇದೆ. ಅವರು ಪೊಲೀಸ್ ಠಾಣೆಯಲ್ಲಿ ನಿಂತವರಂತೆ ಸಾಲಾಗಿ ನೆಟ್ಟಗೆ ನಿಲ್ಲುತ್ತಾರೆ.

ಸಾಬಮ್ಮ ನಗಿರಿ ಎನ್ನುವುದಿಲ್ಲ. ಇಲ್ಲಿ ನೋಡಿ ಎಂದೂ ಎನ್ನುವುದಿಲ್ಲ.

“ನಿಮ್ಮ ನಿಮ್ಮ ಅತ್ತಿ ಊರ ಕಡೀ ನೋಡ್ರಿ.”

ಒಬ್ಬ ಆಳಂದದ ಕಡೆ ತಿರುಗುತ್ತಾನೆ, ಒಬ್ಬ ಸೇಡಂ ಕಡೆ. ಮದುವೆಯಾಗದ ಹುಡುಗಿಯೊಬ್ಬಳು ಯಾವ ಕಡೆಯೂ ತಿರುಗದೆ ನೆಲ ನೋಡುತ್ತಾಳೆ. ಅವಳ ಗೆಳತಿ ಅವಳ ಗದ್ದ ಹಿಡಿದು ಹುಮನಾಬಾದ್ ಕಡೆ ತಿರುಗಿಸುತ್ತಾಳೆ. ಗುಟ್ಟು ಬಯಲಾಗುತ್ತದೆ, ಗುಂಪು ಹೋ ಎಂದು ನಗುತ್ತದೆ, ಸಾಬಮ್ಮನ ಬೆರಳು ಒತ್ತುತ್ತದೆ. ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಎಲ್ಲರೂ ಜೀವಂತ ಇದ್ದಾರೆ.

“ಮೊದ್ಲ ಒಂದು ಹೊಸಾ ಜೋಡಿ ಬಂದಿತ್ತು,” ಇದು ಶುರುವಾದ ಬಗೆಯನ್ನು ಅವರು ಹೇಳುತ್ತಾರೆ. “ಕೈಯಾಗ ಫೋನ್ ಕೊಟ್ರು. ನನಗ ಅದನ್ನ ಹಿಡಿಯಾಕೂ ಬರ್ತಿದ್ದಿಲ್ಲ. ಆ ಹುಡುಗಿ ಮಾರಿ ಗಂಟು ಹಾಕ್ಕೊಂಡು ನಿಂತಿದ್ಳು. ಯಾಕವ್ವ, ಅತ್ತಿ ಮನ್ಯಾಗ ತ್ರಾಸ ಅದ ಏನು, ಯಾವೂರು ಅಂದೆ. ಆಕಿ ಗಪ್ಪನ ಆ ಕಡೀ ತಿರುಗಿ ನಾಲಿಗಿ ತಗದು ಅಣಗಿಸಿದ್ಳು. ಗಂಡ ಬಿದ್ದು ಬಿದ್ದು ನಕ್ಕ. ಅವಾಗಿಂದ ನಾ ಅದನ್ನೇ ಕೇಳ್ತೀನಿ.”

ಒಮ್ಮೆ ಈ ಮಾತು ತಪ್ಪಿ ಬಿದ್ದದ್ದೂ ಉಂಟು. ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳೊಬ್ಬಳು ಅತ್ತೆ ಊರ ಹೆಸರು ಕೇಳಿದ್ದೇ ಅತ್ತುಬಿಟ್ಟಳು. ಸಾಬಮ್ಮ ಫೋನು ಕೆಳಗಿಟ್ಟು ಅವಳ ಪಕ್ಕ ಕೂತು, ಅವಳು ಏಳುವವರೆಗೂ ಎದ್ದಿರಲಿಲ್ಲ. ಅಂದಿನಿಂದ ಕಣ್ಣು ನೋಡಿ ಮಾತು ಬದಲಿಸುತ್ತಾರೆ. ಕೆಲವರಿಗೆ, “ನಿಮ್ಮವ್ವನ ಊರ ಕಡೀ ನೋಡ್ರಿ.”

ಹಾಗಾದರೆ ಸಾಬಮ್ಮನ ಅತ್ತೆ ಊರು? ಅದು ಇದೇ ಗುಡ್ಡದ ಬುಡ. ಮದುವೆಯಾಗಿ ಬಂದು ಸೇರಿದ ಮನೆ ಮೇಲಿಂದ ನೋಡಿದರೆ ಒಂದು ತಗಡಿನ ಹೊಳಪು. ಗಂಡ ಪೀರಪ್ಪ ಕಲ್ಲಿನ ಖಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡಿದ್ದಾರೆ. ಹೊರಸಿನ ಮೇಲೆ ಕೂತೇ ಹಿಂಡಿಗೆ ಶೇಂಗಾ ಸುಲಿದು ಕೊಡುತ್ತಾರೆ. ಸಾಬಮ್ಮ ಮೊದಲು ಬಾಳೆ ತೋಟದಲ್ಲಿ ಗೊನೆ ಹೊರುತ್ತಿದ್ದರು. ಒಂದು ದಿನ ಹುಲ್ಲು ಕೊಯ್ಯುವಾಗ ದಾರಿ ತಪ್ಪಿದ ಗುಂಪೊಂದನ್ನು ತುದಿ ಮುಟ್ಟಿಸಿದರು. ಅವರು ಮುಂದಿನ ವಾರ ಬೇರೆಯವರನ್ನು ಕಳಿಸಿದರು. ಕೆಲಸ ಹಾಗೆ ಶುರುವಾಯಿತು.

“ಗೊನಿ ಹೊತ್ತಾಗ ನೆಲಾ ಅಷ್ಟೇ ಕಾಣ್ತದ್ರಿ,” ಎನ್ನುತ್ತಾರೆ. “ಇಲ್ಲಿ ಬುಟ್ಟಿ ಹೊತ್ರೂ ನಾಕೂ ದಿಕ್ಕು ಕಾಣ್ತಾವ. ನಾ ಇದನ್ನ ಬಿಡಾಕಿ ಅಲ್ಲ.”

ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತೀರಿ ಎಂದು ಕೇಳಿದರೆ, “ಹಿಟ್ಟು ತೀರೂತನ.” ಎಷ್ಟು ಜನರನ್ನು ಹತ್ತಿಸಿದ್ದೀರಿ ಎಂದರೆ, “ಇಳಿಸಿದಷ್ಟು ಮಂದೀನ. ಒಬ್ಬರ್ನೂ ಮ್ಯಾಲೆ ಬಿಟ್ಟು ಬಂದಿಲ್ಲ.” ಅಂಕಿಸಂಖ್ಯೆ ಬೇಕಾದ ಓದುಗರು ಇಷ್ಟರಲ್ಲಿ ಸಮಾಧಾನ ಪಡಬೇಕು.

ತುದಿಯಲ್ಲಿ ಬುತ್ತಿ ಬಿಚ್ಚುವಾಗ ಕೆಲವರು ಮನೆಯಿಂದ ತಂದ ಡಬ್ಬಿಯನ್ನೇ ತೆಗೆಯುತ್ತಾರೆ. ಸಾಬಮ್ಮನ ರೊಟ್ಟಿ ಬೇಡವೇ ಎಂದರೆ ಹೊಟ್ಟೆ ನೆಟ್ಟಗಿಲ್ಲ ಎನ್ನುತ್ತಾರೆ. ಕಾರಣ ಹೊಟ್ಟೆಯದಲ್ಲ. ಅವರಿಗೂ ಗೊತ್ತು, ಸಾಬಮ್ಮನಿಗೂ ಗೊತ್ತು. “ಬಿಡ್ರಿ, ಹಸ್ತಾಗ ತಿಂತಾರ,” ಎಂದು ಅವರು ಗಂಟನ್ನು ಎಲ್ಲರಿಗೂ ಕಾಣುವಂತೆ ನಡುವೆ ಬಿಚ್ಚಿಡುತ್ತಾರೆ. ಜಾವೀದ್ ಮೊದಲ ರೊಟ್ಟಿಗೆ ಕೈ ಹಾಕುತ್ತಾರೆ.

ಸಾಬಮ್ಮನ ಬಳಿ ಇರುವುದು ಗುಂಡಿ ಒತ್ತುವ ಸಣ್ಣ ಫೋನು. ಅದಕ್ಕೆ ಫೋಟೋ ಬರುವುದಿಲ್ಲ. “ಎಲ್ರೂ ಕಳಸ್ತೀವಿ ಸಾಬವ್ವ ಅಂತಾರ. ಎಲ್ಲಿಗಿ ಕಳಸ್ತಾರ? ಗಾಳಿಗಿ.” ಆ ಹಾಳಾದ ಫೋಟೋ ಹುಟ್ಟಿದ್ದೂ ಹೀಗೆ. ಶೀಲಾ ಒಂದು ದಿನ ಅವರ ಕೈಯಿಂದ ಜಾವೀದ್ ಅವರ ಫೋನು ಕಸಿದುಕೊಂಡು, “ಇವತ್ತು ನೀ ನಿಂದ್ರು ಸಾಬವ್ವ,” ಎಂದು ಬುಟ್ಟಿ ಸಮೇತ ನಿಲ್ಲಿಸಿದ್ದರು. ಅವರದೇ ಮಾತನ್ನು ಅವರಿಗೇ ಹೇಳಿದ್ದರು. “ಅತ್ತಿ ಊರ ಕಡೀ ನೋಡು ಅಂದ್ಳು. ನಂದು ಕಾಲ ಕೆಳಗೇ ಅದ. ಕೆಳಗ ನೋಡ್ದೆ, ನಗಿ ಬಂತು.” ಇದ್ದ ಒಂದೇ ಫೋಟೋ ಅದು.

ಈಗ ಏನು ಮಾಡುತ್ತೀರಿ ಎಂದು ಕೇಳಿದೆ.

“ಕಾರ್ಡ್ ತೊಗೊಳ್ಳೂದೇ. ನನ್ನ ಕೊಳ್ಳಾಗ ಬೀಳಬೇಕು. ಸಾಬವ್ವ, ಗುಡ್ಡ ತೋರಸಾಕಿ ಅಂತ ಅದರಾಗ ಬರೀಬೇಕು. ಬುಟ್ಟಿಯಾಕಿ ಅಂತಲ್ಲ.”

ದಾರಿ ಹೊಳೆದದ್ದು ಶೀಲಾ ಅವರಿಗೆ, ಆಸ್ಪತ್ರೆಯಲ್ಲಿ. ಜೊತೆಯ ನರ್ಸೊಬ್ಬರ ಫೋನಿನ ಪರದೆ ಮೇಲೆ ಒಂದು ಕುಟುಂಬದ ಫೋಟೋ ಇತ್ತು. ಎಲ್ಲರೂ ಒಂದೊಂದು ಕಡೆ ನೋಡಿ ನಗುತ್ತಿದ್ದರು. “ಹಿಂದಿನ ಕಲ್ಲು ಆಮ್ಯಾಲ ನೋಡ್ದೆ,” ಎನ್ನುತ್ತಾರೆ ಶೀಲಾ. “ಮೊದ್ಲ ಅವರ ಮಾರಿ ನೋಡೇ ಗೊತ್ತಾಯ್ತು, ಇದು ಸಾಬವ್ವ ತೆಗದದ್ದು ಅಂತ.” ಆಮೇಲೆ ಜಾವೀದ್ ಆಟೋದವರ ಗುಂಪಿನಲ್ಲಿ, ಸುಧಾಕರ ಕಪನೂರದ ವರ್ಕ್‌ಶಾಪುಗಳಲ್ಲಿ ಕೇಳಿದರು. ಜೋಡಗಲ್ಲ ಹತ್ತಿದವರೆಲ್ಲ ಹುಡುಕಿ ಕಳಿಸಿದರು. ಬೇರೆ ಬೇರೆ ವರ್ಷ, ಬೇರೆ ಬೇರೆ ಮಂದಿ. ಒಂದರಲ್ಲೂ ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಸಾಬಮ್ಮ ಒಂದರಲ್ಲೂ ಇಲ್ಲ, ಎಲ್ಲದರಲ್ಲೂ ಇದ್ದಾರೆ.

ಅವನ್ನೆಲ್ಲ ಕಾಗದದ ಮೇಲೆ ಇಳಿಸಿಕೊಟ್ಟವರು ಖಮರುದ್ದೀನ್. ಆಣೆ ಮಾಡಿ ಹೇಳಿದರು: “ಒಂದು ಹುಲ್ಲುಕಡ್ಡೀನೂ ತೆಗದಿಲ್ಲ ಅಕ್ಕಾ.”

ಶನಿವಾರ ಸಂಜೆ ಗುಡ್ಡದ ಸಮಿತಿಯ ಕೋಣೆ. ಅಧ್ಯಕ್ಷ ಅಣವೀರಪ್ಪ ನಡುವಿನ ಕುರ್ಚಿಯಲ್ಲಿ, ಉಳಿದವರು ಅಕ್ಕಪಕ್ಕ. ಸಾಬಮ್ಮ ಗೊನೆ ಹೊತ್ತದ್ದು ಈ ಅಧ್ಯಕ್ಷರದೇ ಬಾಳೆ ತೋಟದಲ್ಲಿ. ಬಂದವರಿಗೆ ಕುರ್ಚಿ ಇಲ್ಲ. ಸಾಬಮ್ಮ, ಮೂವರು ಗೆಳೆಯರು, ಇವರ ಕತೆ ಬರೆಯಲು ಬಂದ ನಾನು, ಎಲ್ಲರೂ ಗೋಡೆಗೆ ಆತು ನಿಂತಿದ್ದೇವೆ. ಅಧ್ಯಕ್ಷರ ತಲೆಯ ಹಿಂದೆ, ಗೋಡೆಯ ಮೇಲೆ, ಕಟ್ಟು ಹಾಕಿಸಿದ ಫೋಟೋ ಒಂದಿದೆ. ಸಮಿತಿ ಶುರುವಾದ ದಿನ ಇವರೆಲ್ಲ ತುದಿಗೆ ಹೋಗಿ ನಿಂತದ್ದು. ಪಟಕಾ ಸುತ್ತಿದ ಹಿರಿಯರು, ಕೊರಳಲ್ಲಿ ಹಾರ. ಒಬ್ಬರು ಆಳಂದದ ಕಡೆ, ಒಬ್ಬರು ಚಿಂಚೋಳಿ ಕಡೆ, ಒಬ್ಬೊಬ್ಬರು ಒಂದೊಂದು ಕಡೆ ತಿರುಗಿ ಹಲ್ಲು ಕಾಣುವಂತೆ ನಗುತ್ತಿದ್ದಾರೆ.

ಅಣವೀರಪ್ಪ ಶೀಲಾ ಕೊಟ್ಟ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾರೆ.

“ಇದರಾಗ ನೀ ಎಲ್ಲಿ ಇದ್ದೀ ಸಾಬವ್ವ?”

“ನಾ ತೆಗದೀನ್ರಿ.”

“ತೆಗದಿ ಅಂತ ಯಾರ್ ಹೇಳ್ಬೇಕು? ಒಬ್ಬರೂ ನೆಟ್ಟಗ ನೋಡಿಲ್ಲ. ಇವೆಲ್ಲ ಕೆಟ್ಟ ಫೋಟೋ.”

“ಹಿಂದ ತಿರುಗಿ ನೋಡ್ರಿ ಸಾವ್ಕಾರ್ರ.”

ಅಣವೀರಪ್ಪ ತಿರುಗುತ್ತಾರೆ. ಉಳಿದವರೂ ತಿರುಗುತ್ತಾರೆ. ತಮ್ಮ ನಗುವನ್ನು ತಾವೇ ನೋಡುತ್ತಾರೆ. ಒಬ್ಬರು ಕೆಮ್ಮುತ್ತಾರೆ.

“ಅದರಾಗೂ ನಾ ಇಲ್ಲ,” ಎನ್ನುತ್ತಾರೆ ಸಾಬಮ್ಮ. “ಯಾರನ್ನ ನೋಡಿ ಅಷ್ಟು ನಕ್ಕೀರಿ, ನೀವೇ ಹೇಳ್ರಿ.”

ಅಣವೀರಪ್ಪ ಕೆಟ್ಟ ಮನುಷ್ಯರಲ್ಲ. ತಗ್ಗಿದ ದನಿಯಲ್ಲೇ ಮಾತಾಡುತ್ತಾರೆ. “ನೀ ತೆಗದಿ, ನನಗ ಗೊತ್ತದ. ಇಲ್ಲ ಅನ್ನಂಗಿಲ್ಲ. ಆದ್ರ ಮಾರಿ ಕಾಣೂ ಹಳೀ ಫೋಟೋ ಬೇಕು ಅಂತ ಬರದುಬಿಟ್ಟೀವಿ. ನಿನಗೊಬ್ಬಾಕಿಗಿ ಬಿಟ್ರ ನಾಳಿ ಎಲ್ರೂ ಬಂದು ನಿಂದರ್ತಾರ. ಕಾರ್ಡ್ ಹುಡುಗರು ತೊಗೊಳ್ಳಿ. ನಿನ್ನ ಕೈ ಬಿಡಂಗಿಲ್ಲ. ಮ್ಯಾಲೆ ಕಸ ಭಾಳ ಆಗ್ಯದ. ಕಸಬರಗಿ ಹಿಡ್ಕೊಂಡು ದಿನಾ ಬಾ. ಅದಕ್ಕೇನು ಫೋಟೋ ಬೇಕಾಗಿಲ್ಲ.”

“ಕಸಬರಗಿಗಿ ಫೋಟೋ ಬ್ಯಾಡೇನ್ರಿ?”

“ಬ್ಯಾಡ.”

“ಅದಕ್ಕ ನನ್ನ ಮಾರಿ ಸಾಕು.”

ಜಾವೀದ್ ಏನೋ ಹೇಳಲು ಬಾಯಿ ತೆರೆಯುತ್ತಾರೆ, ಶೀಲಾ ತೋಳು ಹಿಡಿದು ತಡೆಯುತ್ತಾರೆ. ಸಾಬಮ್ಮ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಾರೆ. ಬಾಗಿಲ ಕಡೆ ಹೋಗುವುದಿಲ್ಲ. ಕುರ್ಚಿಗಳ ಹಿಂದೆ ಹಾಯ್ದು ಗೋಡೆಯ ಬಳಿ ಬಂದು, ಮುಂಗಾಲ ಮೇಲೆ ನಿಂತು, ಆ ಫೋಟೋಕ್ಕೆ ಕೈ ಹಾಕುತ್ತಾರೆ.

“ಏ ಏ, ಏನ್ ಮಾಡಾಕತ್ತೀ?” ಅಣವೀರಪ್ಪ ಅರ್ಧ ಏಳುತ್ತಾರೆ.

“ನಾನೇ ತೆಗದದ್ದು,” ಎನ್ನುತ್ತಾರೆ ಸಾಬಮ್ಮ. “ನಾನೇ ತೆಗೀ‌ತೀನಿ.”

ಮೊಳೆಯಿಂದ ಬಿಡಿಸಿ, ಸೆರಗಿನಿಂದ ಧೂಳು ಒರೆಸಿ, ಫೋಟೋವನ್ನು ಬುಟ್ಟಿಯಲ್ಲಿ ಇಡುತ್ತಾರೆ. “ಕಟ್ಟು ನಿಮ್ದು, ಗಾಜು ನಿಮ್ದು. ಅವನ್ನ ಕಳಸ್ತೀನಿ. ನಾಳಿ ಐತವಾರ, ಮಂದಿ ಬರ್ತಾರ. ರೊಟ್ಟಿ ಬಡೀಬೇಕು.” ಬಾಗಿಲು ದಾಟಿ ಹೋಗುತ್ತಾರೆ. ಅವರ ಚಪ್ಪಲಿಯ ಸದ್ದು ಸ್ವಲ್ಪ ದೂರದವರೆಗೂ ಕೇಳುತ್ತದೆ.

“ಬರ್ತಾಳ ಬಿಡ್ರಿ. ಎಲ್ಲಿ ಹೋಗ್ತಾಳ,” ಎಂದು ಅಣವೀರಪ್ಪ ಕೂರುತ್ತಾರೆ. ಎಲ್ಲರಿಗೂ ಚಹಾ ತರಿಸುತ್ತಾರೆ, ಸಾಬಮ್ಮನಿಗೂ ಒಂದು ಕಪ್ಪು. ಅದರ ಮೇಲೆ ಕೆನೆ ಕಟ್ಟುತ್ತದೆ. ಗೋಡೆಯ ಮೇಲೆ ಒಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದ ಒಂದು ಚೌಕ. ಕೂತವರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಐತವಾರ ಹೊತ್ತೇರಿದ ಮೇಲೆ, ಸಾಬಮ್ಮನ ಹಿಂದೆ ಗುಡ್ಡ ಹತ್ತಿ ಇಳಿದು ಬಂದ ಜಾವೀದ್ ಆ ಕೋಣೆಯ ಹೊಸ್ತಿಲಲ್ಲಿ ಖಾಲಿ ಕಟ್ಟು ಮತ್ತು ತೊಳೆದ ಗಾಜು ಇಟ್ಟು ಹೋದರು. ಫೋಟೋ ಬರಲಿಲ್ಲ. ಸಾಬಮ್ಮನೂ ಬರಲಿಲ್ಲ.